ಪ್ರೋನೋಟಿಗೆ ಹಾರ್ನ್ ಇರೋದಿಲ್ಲ

ಅವರು ಆ ಕಾಗದವನ್ನು ಮೂರು ಸುತ್ತು ಕಟ್ಟಿ ತಂದಿದ್ದರು. ಹೊರಗೆ ಬಟ್ಟೆ ಅಂಗಡಿಯ ಕೈಚೀಲ, ಅದರೊಳಗೆ ತೊಳೆದು ಒಣಗಿಸಿದ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಚಿದ ಹಳೇ ಪೇಪರು. ಒಂದೊಂದೇ ಬಿಚ್ಚಿ ಕೊನೆಗೆ ನನ್ನ ಟೇಬಲ್ ಮೇಲೆ ಪ್ರೋನೋಟು ಇಟ್ಟರು, ಅಂದರೆ ಸಾಲ ತೀರಿಸ್ತೀನಿ ಅಂತ ಸಾಲಗಾರ ಬರೆದುಕೊಟ್ಟ ಕಾಗದ. ಒಂದು ಕಲೆ ಇಲ್ಲ. ರೆವಿನ್ಯೂ ಸ್ಟಾಂಪಿನ ಮೇಲೆ ಸಾಲಗಾರನ ಸಹಿ ಅಡ್ಡಲಾಗಿ ಬಿದ್ದಿದೆ, ಕೆಳಗೆ ಇಬ್ಬರು ಸಾಕ್ಷಿಗಳಿದ್ದಾರೆ. ಮೂರು ಲಕ್ಷ ರೂಪಾಯಿ, 'ತಾವು ಕೇಳಿದಾಗ ಕೊಡುತ್ತೇನೆ' ಅಂತ ಬರೆದಿದೆ. ತಾರೀಖು 2022ರ ಜೂನ್ 10. ಅವರು ಬಂದಿದ್ದು 2025ರ ಜೂನ್ 23, ಸೋಮವಾರ.

ಹದಿಮೂರು ದಿನ ಲೇಟು.

ಶ್ರೀನಿವಾಸಪುರ ಕಡೆಯ ಮಾವಿನ ರೈತರು, ಅರವತ್ತು ದಾಟಿದೆ. ದುಡ್ಡು ಕೊಟ್ಟಿದ್ದು ಷಡ್ಡಕನಿಗೆ, ಬೋರ್‌ವೆಲ್ ಕೊರೆಸೋಕೆ. "ಕಾಯಿ ಕೊಯ್ಲು ಇತ್ತು ಮೇಡಂ, ಈ ಸಲ ತೋತಾಪುರಿಗೆ ರೇಟೂ ಇಲ್ಲ, ಆ ತಲೆನೋವಲ್ಲಿ ಬರೋಕಾಗಲಿಲ್ಲ" ಅಂದರು. ನಾನು ತಾರೀಖಿನ ಮೇಲೆ ಪೆನ್ನು ಇಟ್ಟು ತೋರಿಸಿದೆ. ಅವರು ಬಗ್ಗಿ ನೋಡಿದರು. "ಅದು ಸಾಲ ಕೊಟ್ಟ ದಿನ ಅಲ್ವಾ ಮೇಡಂ? ನಾನು ವಾಪಸ್ ಕೇಳಿದ್ದು ಹೋದ ಸಂಕ್ರಾಂತಿಗೆ."

ಕೋಲಾರದಲ್ಲಿ ಸಿವಿಲ್ ಕೇಸು ನಡೆಸೋಕೆ ಶುರು ಮಾಡಿ ಇಪ್ಪತ್ತೆರಡು ವರ್ಷ ಆಯ್ತು. ಈ ಒಂದು ಮಾತನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಲ್ಲ. ಒಮ್ಮೊಮ್ಮೆ ರೇಗಿಬಿಡ್ತೀನಿ, ಆಮೇಲೆ ಪಾಪ ಅನ್ಸುತ್ತೆ. ಹಾಗಾಗಿ ಇವತ್ತು ಇದೊಂದನ್ನೇ ಬರೀತೀನಿ. ಪ್ರೋನೋಟು ಹೇಗೆ ಬರೆಯಬೇಕು, ಬಡ್ಡಿ ಎಷ್ಟು ಹಾಕಬೇಕು ಅನ್ನೋದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

1963ರ ಕಾಲಮಿತಿ ಕಾಯ್ದೆ ಅಂತ ಒಂದಿದೆ. ನಾವು ಕೋರ್ಟಿನಲ್ಲಿ ಲಿಮಿಟೇಶನ್ ಅಂತೀವಿ. ಕೊಟ್ಟ ಸಾಲಕ್ಕೆ ದಾವಾ ಹಾಕೋಕೆ ಅದರಲ್ಲಿ ಮೂರು ವರ್ಷ ಇದೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಇರೋದು, ಆ ಮೂರು ವರ್ಷ ಯಾವತ್ತಿಂದ ಅನ್ನೋದು. 'ಕೇಳಿದಾಗ ಕೊಡುತ್ತೇನೆ' ಅಂತ ಬರೆದ ಪ್ರೋನೋಟಿಗೆ ಮೂರು ವರ್ಷ ಶುರುವಾಗೋದು ನೀವು ಕೇಳಿದ ದಿನದಿಂದ ಅಲ್ಲ, ಅವನು ಕೊಡಲ್ಲ ಅಂದ ದಿನದಿಂದಲೂ ಅಲ್ಲ. ಪ್ರೋನೋಟಿನ ತಾರೀಖಿನಿಂದ. ನೀವು ಕೇಳಿ ಬಿಡಿ, ಜಗಳ ಆಡಿ ಬಿಡಿ, ಲೆಕ್ಕ ಆವತ್ತೇ ಶುರುವಾಗಿರುತ್ತೆ. ನೀವು ದುಡ್ಡು ಎಣಿಸಿ ಕೈಗೆ ಕೊಟ್ಟ ದಿನವೇ. ಪ್ರೋನೋಟಿಲ್ಲದೆ ಸುಮ್ನೆ ಕೊಟ್ಟ ಕೈಸಾಲಕ್ಕೂ ಸಾಮಾನ್ಯವಾಗಿ ಇದೇ ಲೆಕ್ಕ. ಇಂಥ ತಾರೀಖಿಗೆ ಕೊಡ್ತೀನಿ ಅಂತ ಕಾಗದದಲ್ಲಿ ಗಡುವು ಬರೆದಿದ್ದರೆ ಬೇರೆ. ಆಗ ಎಣಿಕೆ ಆ ಗಡುವಿನಿಂದ.

ಇನ್ನೊಂದು ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕೇಳಿದ ದಿನದಿಂದ ಅಲ್ಲ. ಕೊಟ್ಟ ದಿನದಿಂದ.

ನಮ್ಮ ರೈತರು ಆಗ ಚೀಲದಿಂದ ಎರಡನೇ ಅಸ್ತ್ರ ತೆಗೆದರು. ಬೆಂಗಳೂರಿನ ಯಾರೋ ವಕೀಲರ ಕೈಲಿ ಜನವರಿಯಲ್ಲಿ ಕಳಿಸಿದ ಲೀಗಲ್ ನೋಟಿಸು. "ನೋಟಿಸ್ ಕೊಟ್ಟಿದ್ದೀನಲ್ಲ ಮೇಡಂ, ಅಲ್ಲಿಂದ ಹೊಸದಾಗಿ ಮೂರು ವರ್ಷ ಅಲ್ವಾ?" ಅಲ್ಲ. ನೋಟಿಸ್ ನೀವು ಬರೆದ ಕಾಗದ. ನಿಮ್ಮ ಕಾಗದದಿಂದ ನಿಮ್ಮ ಅವಧಿ ಬೆಳೆಯೋದಿಲ್ಲ. ಆ ನೋಟಿಸಿಗೆ ಷಡ್ಡಕ 'ಹೌದು, ಬಾಕಿ ಇದೆ' ಅಂತ ಅವಧಿಯೊಳಗೆ ಸಹಿ ಹಾಕಿ ಉತ್ತರ ಕೊಟ್ಟಿದ್ದರೆ ಆಟವೇ ಬೇರೆ ಇರ್ತಿತ್ತು. ಅವನು ಉತ್ತರ ಕೊಡಲಿಲ್ಲ. ಕಾನೂನು ಓದದೆ ಇದ್ದರೂ ಸುಮ್ಮನಿರಬೇಕು ಅನ್ನೋದು ಅವನಿಗೆ ಹೊಳೆದಿತ್ತು.

ನನಗೆ ಆಶ್ಚರ್ಯ ಆಗೋದು ಏನಂದ್ರೆ, ನಮ್ಮ ಜಿಲ್ಲೆಯ ಜನ ಟೈಮ್ ಗೊತ್ತಿಲ್ಲದವರಲ್ಲ. ನೀರಿಲ್ಲದ ಊರಲ್ಲಿ ಬದುಕಿದವರು, ಮೋಟರ್‌ಗೆ ಕರೆಂಟು ಬರೋ ಹೊತ್ತಿಗೆ ಸರಿಯಾಗಿ ನಡುರಾತ್ರಿ ಎದ್ದು ತೋಟಕ್ಕೆ ಹೋಗ್ತಾರೆ. ಬೆಳಿಗ್ಗೆ ಹತ್ತು ನಿಮಿಷ ತಡ ಆದರೆ ಡೈರಿಯಲ್ಲಿ ಹಾಲು ಅಳೆಯೋರು ಎದ್ದು ಹೋಗಿರ್ತಾರೆ, ಅದಕ್ಕೇ ಕ್ಯಾನ್ ಹಿಡಿದು ಓಡ್ತಾರೆ. ರೇಷ್ಮೆ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಆ ವಾರ ನಂಟರ ಮದುವೆ ಇದ್ದರೂ ಒಬ್ಬರು ಮನೆಯಲ್ಲಿ ಉಳೀತಾರೆ, ಯಾಕಂದ್ರೆ ಹುಳ ಸೊಪ್ಪು ಜಾಸ್ತಿ ತಿನ್ನೋದೇ ಆಗ. ಹಣ್ಣಾದ ಹುಳವನ್ನು ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಡೋದನ್ನ ನಾಳೆ ನೋಡೋಣ ಅಂದವರನ್ನು ನಾನು ಕಂಡಿಲ್ಲ. ಎಪಿಎಂಸಿ ಮಂಡಿಗೆ ಟೊಮೆಟೊ ಹಾಕೋರು ಹರಾಜಿನ ಹೊತ್ತಿಗೆ ಹದಿನೈದು ಕೆಜಿ ಬಾಕ್ಸು ಇಳಿಸಿ ನಿಂತಿರ್ತಾರೆ.

ಅದೇ ಮನುಷ್ಯ ಮೂರು ವರ್ಷವನ್ನು ಕಳೆದುಕೊಂಡು ನನ್ನ ಮುಂದೆ ಕೂತಿರ್ತಾನೆ. ತುಂಬಾ ದಿನ ನನಗಿದು ಬಿಡಿಸಲಾಗದ ಗಂಟಾಗಿತ್ತು. ಈಗ ಅನ್ಸೋದು, ಗಂಟೆಗಳಿಗೆ ಹಾರ್ನ್ ಇದೆ. ಹಾಲಿನ ವ್ಯಾನು ಹಾರ್ನ್ ಹೊಡೆಯುತ್ತೆ, ಮಂಡಿಯಲ್ಲಿ ಹರಾಜು ಕೂಗ್ತಾರೆ, ಹುಳ ಸೊಪ್ಪು ತಿನ್ನೋ ಸದ್ದು ಮಳೆ ಬಂದ ಹಾಗೆ ಕೇಳುತ್ತೆ. ವರ್ಷಗಳು ಮಾತ್ರ ಸದ್ದಿಲ್ಲದೆ ಹೋಗ್ತವೆ. ಬೀರುವಿನೊಳಗಿರೋ ಪ್ರೋನೋಟು ಎರಡು ವರ್ಷ ಹನ್ನೊಂದು ತಿಂಗಳು ಆದಾಗ ಕೂಗಿಕೊಳ್ಳೋದಿಲ್ಲ.

ಇದರ ಜೊತೆಗೆ ದಾಕ್ಷಿಣ್ಯ. ನಮ್ಮ ಕಡೆ ಅರ್ಧ ತೆಲುಗು ಅಲ್ವಾ, 'ರೇಪು ಇಸ್ತಾನು', ಅಂದರೆ ನಾಳೆ ಕೊಡ್ತೀನಿ, ಅನ್ನೋ ಎರಡು ಪದ ಕೇಳಿ ಕಾಫಿ ಕುಡಿದು ವಾಪಸ್ ಬಂದವರೇ ಎಲ್ಲ. ಹಿಂದೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವವನ್ನ ವಾಪಸ್ ಕಳಿಸ್ತಿದ್ದರಲ್ಲ, ಸಾಲ ತಗೊಂಡವರು ಕೊಟ್ಟವರನ್ನ ಹಾಗೇ ಕಳಿಸ್ತಾರೆ. ವ್ಯತ್ಯಾಸ ಒಂದೇ, ದೆವ್ವಕ್ಕೆ ಲಿಮಿಟೇಶನ್ ಇಲ್ಲ.

ನಾನೇನು ದೊಡ್ಡ ಜಾಣೆ ಅಲ್ಲ. 2016ರಲ್ಲಿ ನನ್ನ ಕಾಲೇಜಿನ ಗೆಳತಿಗೆ ಎಂಬತ್ತು ಸಾವಿರ ಕೊಟ್ಟೆ. ಯಾವ ದಿನ ಅವಧಿ ಮುಗಿಯುತ್ತೆ ಅಂತ ಡೈರಿಯಲ್ಲಿ ಗುರುತು ಮಾಡಿಕೊಂಡಿದ್ದೆ, ವಕೀಲೆ ಅಲ್ವಾ. ಆ ವಾರ ಮೂರು ಸಲ ಫೋನ್ ಕೈಗೆ ತಗೊಂಡೆ. 'ಒಂದು ಸಾಲು ಬರೆದು ಸಹಿ ಹಾಕಿ ಕೊಡೇ' ಅನ್ನೋಕೆ ನಾಲಿಗೆ ಏಳಲಿಲ್ಲ. ದಿನ ಕಳೀತು. ಗೆಳೆತನವೂ ಆಮೇಲೆ ಉಳಿಯಲಿಲ್ಲ. ಅವಳು ನನ್ನನ್ನು ಕಂಡರೆ ರಸ್ತೆ ದಾಟ್ತಾಳೆ, ನಾನು ಅವಳು ದಾಟೋದನ್ನ ನೋಡದ ಹಾಗೆ ನಡೀತೀನಿ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅಂತ ನಮ್ಮಜ್ಜಿ ಹೇಳ್ತಿದ್ದಳು, ಕೋರ್ಟಿನಲ್ಲಿ ಹೇಳೋ ಹಾಗಿಲ್ಲ, ಇಲ್ಲಿ ಹೇಳ್ತಿದ್ದೀನಿ.

ಈ ರೈತರು ಮೂರು ವರ್ಷದಲ್ಲಿ ಷಡ್ಡಕನ ಮನೆಗೆ ಕಡಿಮೆ ಅಂದರೂ ಹತ್ತು ಸಲ ಹೋಗಿದ್ದಾರೆ. ಹಬ್ಬಕ್ಕೆ, ನಾಮಕರಣಕ್ಕೆ, ದುಡ್ಡು ಕೇಳೋಕೆ. ಅದರಲ್ಲಿ ಒಂದೇ ಒಂದು ಸಲ, ಅವಧಿ ಮುಗಿಯೋಕೆ ಮುಂಚೆ, ಐನೂರು ರೂಪಾಯಿ ವಾಪಸ್ ಇಸ್ಕೊಂಡು, ಪ್ರೋನೋಟಿನ ಹಿಂದುಗಡೆ 'ಇಂಥ ದಿನ ಐನೂರು ಕೊಟ್ಟಿದ್ದೇನೆ' ಅಂತ ಅವನ ಕೈಯಲ್ಲೇ ಬರೆಸಿ, ಸಹಿ ಹಾಕಿಸಿದ್ದರೆ ಆ ದಿನದಿಂದ ಮತ್ತೆ ಪೂರ್ತಿ ಮೂರು ವರ್ಷ ಸಿಗ್ತಿತ್ತು. ದುಡ್ಡು ಕೊಡದೆ 'ಬಾಕಿ ಇರೋದು ನಿಜ' ಅಂತ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿದ್ದರೂ ಆಗ್ತಿತ್ತು. ಎರಡು ನಿಮಿಷದ ಕೆಲಸ. ಹತ್ತು ಭೇಟಿಯಲ್ಲಿ ಎರಡು ನಿಮಿಷ.

ಫೋನ್‌ಪೇಯಲ್ಲಿ ಸಾವಿರ ಹಾಕಿದ್ದಾನೆ, ಸಾಕಾ ಅಂತ ಕೇಳ್ತಾರೆ. ವಾಟ್ಸಾಪಿನಲ್ಲಿ 'ಕೊಡ್ತೀನಣ್ಣ' ಅಂತ ಹಾಕಿದ್ದಾನೆ, ಸಾಕಾ ಅಂತಾರೆ. ವಾದ ಮಾಡಬಹುದು. ನಾನು ಮಾಡಿದ್ದೀನಿ. ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಆ ಸಾವಿರ ಯಾವ ಲೆಕ್ಕಕ್ಕೆ ಹಾಕಿದ್ದು ಅಂತ ಎದುರಿನ ವಕೀಲರು ಕೇಳಿದರೆ ನಿಮ್ಮ ಬಳಿ ಉತ್ತರ ಇರಬೇಕು. ಕಾಗದದ ಮೇಲಿನ ಸಹಿಗೆ ಅಷ್ಟು ಮಾತು ಬೇಕಿಲ್ಲ.

"ಹದಿಮೂರು ದಿನ ತಾನೇ ಮೇಡಂ, ಜಡ್ಜ್ ಸಾಹೇಬರ ಹತ್ರ ಸ್ವಲ್ಪ ಅಡ್ಜಸ್ಟ್ ಮಾಡಿಸಿ." ಇದನ್ನಂತೂ ಎಲ್ಲರೂ ಕೇಳ್ತಾರೆ. ಮೇಲ್ಮನವಿ ತಡವಾದರೆ ಕಾರಣ ಹೇಳಿ ಮನ್ನಿಸಿ ಅಂತ ಅರ್ಜಿ ಹಾಕಬಹುದು, ಕಾಯ್ದೆಯ 5ನೇ ಸೆಕ್ಷನ್ ಅದಕ್ಕೇ ಇದೆ. ಅದು ಮೇಲ್ಮನವಿಗೆ, ಅರ್ಜಿಗೆ. ಹೊಸದಾಗಿ ಹಾಕೋ ದಾವಾಕ್ಕೆ ಅಲ್ಲ. ಒಂದು ದಿನ ತಡ ಆದರೂ ತಡವೇ. ಎದುರು ಪಾರ್ಟಿ ತಕರಾರು ಎತ್ತದೆ ಇದ್ದರೂ ಕೋರ್ಟು ತಾನಾಗಿ ನೋಡಿ ವಜಾ ಮಾಡಬೇಕು ಅಂತ 3ನೇ ಸೆಕ್ಷನ್ ಹೇಳುತ್ತೆ. ಕೊನೇ ದಿನ ಕೋರ್ಟಿಗೆ ರಜೆ ಇದ್ದರೆ ಬಾಗಿಲು ತೆಗೆದ ದಿನ ಹಾಕಬಹುದು, ಅಷ್ಟು ಕರುಣೆ ಇದೆ. ಮತ್ತೆ ಕೊರೊನಾ ರಿಯಾಯಿತಿ ಕೇಳಬೇಡಿ. ಸುಪ್ರೀಂ ಕೋರ್ಟು ಲೆಕ್ಕದಿಂದ ಬಿಟ್ಟಿದ್ದು 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು. ಆಮೇಲೆ ಕೊಟ್ಟ ಸಾಲಕ್ಕೆ ಅದರಿಂದ ಏನೂ ಇಲ್ಲ.

ಚೆಕ್ ವಿಷಯ ಇದಕ್ಕಿಂತ ಬಿಗಿ. ಚೆಕ್ಕಿಗೆ ಆಯಸ್ಸು ಮೂರು ತಿಂಗಳು. ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ ಮೂವತ್ತು ದಿನದೊಳಗೆ ನೋಟಿಸು, ನೋಟಿಸು ಅವನ ಕೈಸೇರಿದ ಮೇಲೆ ಅವನಿಗೆ ಹದಿನೈದು ದಿನ, ಅದು ಕಳೆದ ಮೇಲೆ ಒಂದು ತಿಂಗಳೊಳಗೆ ಕಂಪ್ಲೇಂಟು. ಇಲ್ಲಿ ನೋಟಿಸು ಬೇಕೇ ಬೇಕು, ಸಾಲದ ದಾವಾದಲ್ಲಿ ನೋಟಿಸಿನಿಂದ ಅವಧಿ ಬೆಳೆಯಲ್ಲ. ಎರಡನ್ನೂ ಕಲಸಿಕೊಂಡೇ ಅರ್ಧ ಜನ ಕೆಡೋದು. ಬ್ಯಾಂಕಿನ ಮೆಮೋ ಬಂದ ದಿನವೇ ಯಾವುದಾದರೂ ವಕೀಲರ ಹತ್ತಿರ ಹೋಗಿ, ನನ್ನ ಹತ್ತಿರವೇ ಬನ್ನಿ ಅಂತಲ್ಲ. ನಾನು ಇಲ್ಲಿ ಹೇಳಿದ್ದು ಮೇಲುಮೇಲಿನ ಮಾತು, ನಿಮ್ಮ ಕಾಗದ ಓದದೆ ಯಾರೂ ಖಚಿತವಾಗಿ ಹೇಳೋಕಾಗಲ್ಲ.

ನೀವು ಕೇಳಬಹುದು, ಹದಿಮೂರು ದಿನಕ್ಕೆ ನಮ್ಮನ್ನ ಬೈತೀರಿ, ನಿಮ್ಮ ಕೋರ್ಟಿನಲ್ಲಿ ಹದಿಮೂರು ವರ್ಷದ ಕೇಸು ಇದೆಯಲ್ಲ ಅಂತ. ಇದೆ. ನನ್ನ ಕಪಾಟಿನಲ್ಲೇ ಇದೆ. ವಾಯಿದೆ ಮೇಲೆ ವಾಯಿದೆ, ಅದರಲ್ಲಿ ಕೆಲವು ನಾನೇ ಕೇಳಿದ್ದು. ಅದಕ್ಕೆ ನನ್ನ ಬಳಿ ಒಳ್ಳೆ ಉತ್ತರ ಇಲ್ಲ. ಒಳಗೆ ಬಂದವರ ಕೇಸು ತೆವಳಿಕೊಂಡಾದರೂ ಹೋಗುತ್ತೆ, ಹೊರಗೆ ಉಳಿದವರಿಗೆ ಬಾಗಿಲೇ ಇಲ್ಲ, ಇಷ್ಟು ಮಾತ್ರ ಹೇಳಬಲ್ಲೆ.

ಕ್ಲಾಕ್ ಟವರ್ ಹತ್ತಿರ ಹೂವು ಮಾರೋ ಹೆಂಗಸೊಬ್ಬರು ನನ್ನ ಕಕ್ಷಿದಾರರು. ಸಹಿ ಮಾಡೋಕೆ ಬರುತ್ತೆ, ಅಂಕಿ ಬರುತ್ತೆ, ಜಾಸ್ತಿ ಓದು ಇಲ್ಲ. ಅವರ ಮನೆ ಗೋಡೆ ಕ್ಯಾಲೆಂಡರನ್ನೇ ಬಿಚ್ಚಿಕೊಂಡು ತಂದಿದ್ದರು. ಅದರಲ್ಲಿ ಹಾಲಿನ ಲೆಕ್ಕಕ್ಕೆ ಅಡ್ಡಗೀಟು, ಚೀಟಿ ಕಂತಿಗೆ ಸೊನ್ನೆ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನಕ್ಕೆ ನಕ್ಷತ್ರ. ಕೊಟ್ಟ ಸಾಲಕ್ಕೆ ಕೆಂಪು ಪೆನ್ನಿನ ಒಂದು ಹೂವು. ಹೊಸ ವರ್ಷದ ಕ್ಯಾಲೆಂಡರ್ ಬಂದ ದಿನವೇ ಹಳೇದರಿಂದ ಹೂವುಗಳನ್ನೆಲ್ಲ ಅದೇ ತಾರೀಖಿಗೆ ದಾಟಿಸಿ, ಪಕ್ಕದಲ್ಲಿ ಎಷ್ಟನೇ ವರ್ಷ ಅಂತ ಅಂಕಿ ಬರೀತಾರಂತೆ. ಮೂರು ಅಂತ ಬಿದ್ದ ಹೂವಿಗೆ ಇನ್ನೂ ನಾಲ್ಕು ತಿಂಗಳು ಇದ್ದಾಗಲೇ ನನ್ನ ಹತ್ತಿರ ಬಂದಿದ್ದರು. ದಾವಾ ಹಾಕೋದೇ ಬೇಕಾಗಲಿಲ್ಲ, ಸಾಲಗಾರ ಕ್ಯಾಲೆಂಡರ್ ನೋಡಿಯೇ ಅರ್ಧ ದುಡ್ಡು ತಂದು ಕೊಟ್ಟು ಮಿಕ್ಕಿದ್ದಕ್ಕೆ ಹೊಸ ಪ್ರೋನೋಟು ಬರೆದ. ಆವತ್ತು ನಾನು ಫೀಸು ತಗೊಳ್ಳಲಿಲ್ಲ. ಒಂದು ಮೊಳ ಮಲ್ಲಿಗೆ ತಗೊಂಡೆ.

ಮಾವಿನ ರೈತರ ಕತೆ ಅಲ್ಲಿಗೇ ಮುಗಿಯಲಿಲ್ಲ. ಅವಧಿ ಮುಗಿದರೆ ಸಾಲ ಸಾಯೋದಿಲ್ಲ, ಕೋರ್ಟಿನ ದಾರಿ ಮುಚ್ಚುತ್ತೆ ಅಷ್ಟೇ. ಸಾಲಗಾರ ತಾನಾಗಿ 'ಆ ಹಳೇ ಬಾಕಿ ಕೊಡುತ್ತೇನೆ' ಅಂತ ಬರವಣಿಗೆಯಲ್ಲಿ ಮಾತು ಕೊಟ್ಟು ಸಹಿ ಹಾಕಿದರೆ 1872ರ ಕಾಂಟ್ರಾಕ್ಟ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಅದು ಹೊಸ ಕರಾರು. "ಜಗಳ ಮಾಡದೆ ಹೋಗಿ, ಮನೆಯವರನ್ನೂ ಕರ್ಕೊಂಡು ಹೋಗಿ, ಅಕ್ಕತಂಗಿಯರು ಮಾತಾಡಿಕೊಳ್ಳಲಿ" ಅಂದೆ. ಹೆಚ್ಚು ಆಸೆ ಇಟ್ಟುಕೊಂಡು ಹೇಳಿದ್ದಲ್ಲ.

ಎರಡು ತಿಂಗಳ ಮೇಲೆ ಬಂದರು. ಮುಖ ಅರಳಿತ್ತು. ಅದೇ ಕೈಚೀಲ, ಅದೇ ಕವರು, ಅದೇ ಮಡಚಿದ ಪೇಪರು. ಹೆಂಡತಿ ತಂಗಿಯ ಹತ್ತಿರ ಅತ್ತು, ತಂಗಿ ಗಂಡನ ಹತ್ತಿರ ಕೂಗಾಡಿ, ಕೊನೆಗೆ ಷಡ್ಡಕ ಹೊಸ ಕಾಗದ ಬರೆದುಕೊಟ್ಟಿದ್ದ. ಹಳೇ ಮೂರು ಲಕ್ಷದ ಬಾಕಿ ಅಂತ ಸ್ಪಷ್ಟವಾಗಿ ಇದೆ. ಸ್ಟಾಂಪು ಇದೆ, ಅದರ ಮೇಲೆ ಸಹಿ ಇದೆ, ಈ ಸಲ ಸಾಕ್ಷಿಗಳು ಮೂವರು. ನನಗೂ ಖುಷಿ ಆಗಿ ಮೇಲಿಂದ ಕೆಳಗೆ ಓದಿದೆ. ಆಮೇಲೆ ಹಿಂದೆ ತಿರುಗಿಸಿ ನೋಡಿದೆ. ಮತ್ತೆ ಮುಂದೆ ತಿರುಗಿಸಿದೆ.

"ತಾರೀಖು ಎಲ್ಲಿ?"

"ಅದು ಖಾಲಿ ಇರಲಿ, ಯಾವಾಗ ಬೇಕಾದರೂ ನೀವೇ ಹಾಕ್ಕೊಳ್ಳಿ ಅಂದ ಮೇಡಂ" ಅಂದರು, ದೊಡ್ಡ ಉಪಕಾರ ಸಿಕ್ಕಿದವರ ಹಾಗೆ.