ಅರ್ಧ ಮಿಲಿಮೀಟರಿನ ಓರೆ

ನಾಲ್ಕು ಕಾಲಿನ ಮೇಜಿನ ಒಂದು ಕಾಲು ಗಿಡ್ಡವಾದರೆ ಅದು ಕುಲುಕಾಡಿ ದೂರು ಹೇಳುತ್ತದೆ. ನಾವು ಕಾಗದ ಮಡಿಸಿ ಅಡಿಗಿಡುತ್ತೇವೆ. ಮೂರು ಕಲ್ಲಿನ ಒಲೆ ಹಾಗಲ್ಲ. ಒಂದು ಕಲ್ಲು ಗಿಡ್ಡವಾದರೂ ಪಾತ್ರೆ ಅಲುಗಾಡದೆ ತೆಪ್ಪಗೆ ವಾಲಿ ಕೂರುತ್ತದೆ, ಸಾರು ಒಂದು ಅಂಚಿಗೆ ಬಂದಾಗಲೇ ತಪ್ಪು ಗೊತ್ತಾಗುವುದು. ಪುಟ್ಟ ಯುದ್ಧವಿಮಾನವೂ ನೆಲವನ್ನು ಮೂರೇ ಕಡೆ ಮುಟ್ಟುತ್ತದೆ. ಪ್ಲಾಸ್ಟಿಕ್ ಮಾದರಿಗೆ ಚಕ್ರ ಕೂರಿಸುವವರನ್ನು ಮೋಸಗೊಳಿಸುವುದು ಈ ಮೌನವೇ.

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ 1:72 ಅಳತೆಯ ಮಾದರಿಯೊಂದನ್ನು ನಾನು ಜೋಡಿಸಿ ಮುಗಿಸಿದಾಗ ರೆಕ್ಕೆಯೊಂದು ಕೆಳಗಿಳಿದಂತೆ ಕಂಡಿತು. ರೆಕ್ಕೆಯ ಸಂದನ್ನೇ ಬಹಳ ಹೊತ್ತು ಬೈದುಕೊಂಡೆ. ತಪ್ಪು ಅಲ್ಲಿರಲಿಲ್ಲ, ಚಕ್ರ ಹೊತ್ತ ಎಡಗಾಲು ಅರ್ಧ ಮಿಲಿಮೀಟರ್ ಹೆಚ್ಚು ಒಳಗೆ ಕೂತಿತ್ತು.

ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. ನಿಜವಾದ ಸ್ಪಿಟ್‌ಫೈರ್‌ನ ರೆಕ್ಕೆಯ ಹರವು 11.23 ಮೀಟರ್, ಎರಡು ಮುಖ್ಯ ಚಕ್ರಗಳ ನಡುವಿನ ಅಂತರ ಸುಮಾರು 1.74 ಮೀಟರ್. ಮಾದರಿಯಲ್ಲಿ ಇವು 156 ಮತ್ತು 24 ಮಿಲಿಮೀಟರ್ ಆಗುತ್ತವೆ. ರೆಕ್ಕೆ ಚಕ್ರಗಳ ಅಂತರದ ಆರೂವರೆ ಪಟ್ಟು ಉದ್ದವಿರುವುದರಿಂದ ಕಾಲಿನ ತಪ್ಪೂ ಎರಡು ರೆಕ್ಕೆತುದಿಗಳ ಎತ್ತರದ ವ್ಯತ್ಯಾಸವಾಗುವಷ್ಟರಲ್ಲಿ ಆರೂವರೆ ಪಟ್ಟಾಗುತ್ತದೆ. ಅರ್ಧ ಮಿಲಿಮೀಟರ್ ಹೋಗಿ ಮೂರು ಮಿಲಿಮೀಟರಿಗೂ ಹೆಚ್ಚು. ನಿಜ ವಿಮಾನದ ಲೆಕ್ಕದಲ್ಲಿ ಸುಮಾರು 23 ಸೆಂಟಿಮೀಟರ್! ಅದೇ ಕಾಲದ ಬ್ರಿಟಿಷ್ ಯುದ್ಧವಿಮಾನ ಹರಿಕೇನ್‌ನ ಚಕ್ರಗಳು ಇನ್ನಷ್ಟು ದೂರ ನಿಂತಿವೆ. ಅದೇ ತಪ್ಪು ಅಲ್ಲಿ ಎರಡೂವರೆ ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಎರಡನ್ನೂ ಕಣ್ಣಾರೆ ಹೋಲಿಸಬೇಕೆನ್ನುವವರಿಗೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಎರಡೂ ಇವೆ.

ಕಾಲುಗಳನ್ನು ಇಷ್ಟು ಹತ್ತಿರ ಇಟ್ಟದ್ದೇಕೆ? ಬುಡದ ಬಳಿ ರೆಕ್ಕೆ ಗಟ್ಟಿ. ನೆಲಕ್ಕೆ ಬಡಿದ ಪೆಟ್ಟು ಅಲ್ಲಿಂದಲೇ ಒಡಲಿಗೆ ದಾಟಿದರೆ ತೆಳು ರೆಕ್ಕೆಯನ್ನು ಬಗ್ಗಿಸುವ ಬಲ ಕಡಿಮೆ. ಜರ್ಮನಿಯ ಮೆಸ್ಸರ್‌ಸ್ಮಿಟ್ 109 ಇನ್ನೂ ಮುಂದೆ ಹೋಗಿ ಕಾಲುಗಳನ್ನು ಒಡಲಿಗೇ ಕಟ್ಟಿಕೊಂಡಿತು. ಅದರ ರೆಕ್ಕೆಗಳನ್ನು ಕಳಚಿದರೂ ವಿಮಾನ ತನ್ನ ಕಾಲ ಮೇಲೆಯೇ ನಿಲ್ಲುತ್ತಿತ್ತು. ಆ ಅನುಕೂಲಕ್ಕೆ ಬೆಲೆ ತೆತ್ತವರು ಪೈಲಟ್‌ಗಳು. ನೆಲದ ಮೇಲೆ ಅದು ಗಿರ್ರನೆ ತಿರುಗಿ ಮಗುಚುವ ಸ್ವಭಾವದ ವಿಮಾನವಾಗಿತ್ತು.

ಎತ್ತರದ ಜೊತೆ ಕೋನವೂ ಸರಿಯಿರಬೇಕು. ಮುಂದಿನಿಂದ ನೋಡಿದರೆ ಸ್ಪಿಟ್‌ಫೈರ್‌ನ ಕಾಲುಗಳು ಕೆಳಗೆ ಹೋದಂತೆ ಹೊರಕ್ಕೆ ಚಾಚುತ್ತವೆ, ಬದಿಯಿಂದ ನೋಡಿದರೆ ಮುಂದಕ್ಕೆ. ಕಣ್ಣಳತೆಯನ್ನು ನಂಬುವುದಕ್ಕಿಂತ ಮುಂಭಾಗದ ನಕ್ಷೆಯನ್ನು ರಟ್ಟಿನ ಮೇಲೆ ಅಂಟಿಸಿ, ಕಾಲುಗಳು ಕೂರುವಂತೆ ಕಚ್ಚು ಕತ್ತರಿಸಿಕೊಳ್ಳುವುದು ಲೇಸು. ವಿಮಾನವನ್ನು ಬೋರಲು ಹಾಕಿ, ಅಂಟು ಒಣಗುವವರೆಗೆ ಆ ರಟ್ಟನ್ನೇ ಕಾವಲಿಡಬೇಕು. ಇಲ್ಲಿ ಸೂಪರ್ ಗ್ಲೂ ಬೇಡ, ಅದು ತಿದ್ದಲು ಅವಕಾಶ ಕೊಡುವುದಿಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಅಂಟು ಕೆಲವು ನಿಮಿಷ ಕಾಯುತ್ತದೆ. ಸಂದಿನ ಬಣ್ಣವನ್ನು ಮೊದಲು ಕೆರೆದಿರಬೇಕು, ಇಲ್ಲದಿದ್ದರೆ ಅದು ಬಣ್ಣಕ್ಕೆ ಹಿಡಿಯುತ್ತದೆಯೇ ಹೊರತು ಕಾಲಿಗಲ್ಲ.

ಇಷ್ಟಾದರೂ ಕೆಲವು ಮಾದರಿಗಳು ಆಟಿಕೆಯಂತೆ ಕಾಣುತ್ತವೆ, ಏಕೆಂದರೆ ಅವುಗಳಿಗೆ ತೂಕವಿಲ್ಲ. ಉದ್ದವನ್ನು 72 ಪಟ್ಟು ಕುಗ್ಗಿಸಿದರೆ ಘನಗಾತ್ರ 72ರ ಘನದಷ್ಟು, ಅಂದರೆ 3,73,248 ಪಟ್ಟು ಕುಗ್ಗುತ್ತದೆ. 2,700 ಕಿಲೋ ತೂಗುವ ವಿಮಾನ ಈ ಲೆಕ್ಕದಲ್ಲಿ ಏಳು ಗ್ರಾಂ. ಚಕ್ರ ನೆಲ ಮುಟ್ಟುವ ಜಾಗವಾದರೋ 72ರ ವರ್ಗದಷ್ಟು ಮಾತ್ರ ಕುಗ್ಗುತ್ತದೆ. ಹಾಗಾಗಿ ನೆಲದ ಮೇಲಿನ ಒತ್ತಡ 72 ಪಟ್ಟು ಕಡಿಮೆ. ನಿಜವಾದ ರಬ್ಬರಿನಲ್ಲಿ ಪುಟ್ಟ ಟೈರು ಮಾಡಿದರೂ ಅದು ತಾನಾಗಿ ಚಪ್ಪಟೆಯಾಗದು. ಭಾರವನ್ನು ನಾವೇ ನಟಿಸಬೇಕು: ಟೈರಿನ ಅಡಿಯನ್ನು ಅರದಿಂದ ಸ್ವಲ್ಪ ಉಜ್ಜಿ ಸಪಾಟು ಮಾಡಬೇಕು. ಉಜ್ಜಿದ ಮುಖ ನೆಲಕ್ಕೆ ಸಮವಾಗಿರಬೇಕು, ಚಕ್ರ ತಿರುಗುವ ಅಚ್ಚಿಗಲ್ಲ. ಓರೆ ನಿಂತ ಚಕ್ರವನ್ನು ಅಚ್ಚಿಗೆ ಸಮವಾಗಿ ಉಜ್ಜಿದರೆ ಅದು ಒಂದು ಅಂಚಿನ ಮೇಲೆ ನಿಂತುಬಿಡುತ್ತದೆ.

ಕಾಲಿನೊಳಗೆ ಪೆಟ್ಟು ಹೀರುವ ಎಣ್ಣೆ ಮತ್ತು ಅನಿಲದ ಕೊಳವೆಯೂ ಭಾರಕ್ಕೆ ಸಾಕ್ಷಿ. ಹಾರುವಾಗ ಅನಿಲ ಆ ಕೊಳವೆಯ ಹೊಳೆಯುವ ದಂಡವನ್ನು ಪೂರ್ತಿ ಹೊರತಳ್ಳುತ್ತದೆ. ನೆಲದಲ್ಲಿ ನಿಂತಾಗ ದಂಡ ಬಹುಪಾಲು ಒಳಸೇರುತ್ತದೆ. ಹಾರುವಾಗಿನ ಉದ್ದದಲ್ಲೇ ಅಂಟಿಸಿದ ಮಾದರಿ ತುದಿಗಾಲಲ್ಲಿ ನಿಂತ ಕೊಕ್ಕರೆಯಂತಿರುತ್ತದೆ. ಹಾಗೆಂದು ವಸ್ತುಸಂಗ್ರಹಾಲಯದ ವಿಮಾನವನ್ನು ಕುರುಡಾಗಿ ಅಳೆಯಬಾರದು. ವರ್ಷಗಟ್ಟಲೆ ನಿಂತು ಅನಿಲ ಸೋರಿದ ಕಾಲು ಪೂರ್ತಿ ಕುಸಿದಿರಬಹುದು. ಸೇವೆಯಲ್ಲಿದ್ದಾಗ ತೆಗೆದ ಚಿತ್ರವೇ ಹೆಚ್ಚು ನಂಬಿಕಸ್ಥ.

ಮೂಗಿನ ಕೆಳಗೆ ಚಕ್ರವಿರುವ ವಿಮಾನಗಳಲ್ಲಿ ಇನ್ನೊಂದು ಪಜೀತಿ. ಅಮೆರಿಕದ ಪಿ-39 ಐರಾಕೋಬ್ರಾದ ಎಂಜಿನ್ ಪೈಲಟ್‌ನ ಬೆನ್ನ ಹಿಂದಿದ್ದರೂ ಮುಂಭಾಗದ ಫಿರಂಗಿ, ಬಂದೂಕು, ಗುಂಡುಗಳ ಭಾರ ಅದನ್ನು ತೂಗಿಸುತ್ತಿತ್ತು. ಟೊಳ್ಳು ಮಾದರಿಯಲ್ಲಿ ಅದಾವುದೂ ಇಲ್ಲದೆ ಬಾಲ ನೆಲಕ್ಕೆ ಕೂರುತ್ತದೆ. ಒಡಲು ಮುಚ್ಚುವ ಮೊದಲೇ ಮೂಗಿನಲ್ಲಿ ಸೀಸ ತುಂಬಬೇಕು. ಮರೆತವರು ಬಾಲಕ್ಕೆ ಊರುಗೋಲು ಹುಡುಕುತ್ತಾರೆ.

ನನ್ನ ಸ್ಪಿಟ್‌ಫೈರ್‌ನ ಕಾಲನ್ನು ಮುರಿದು ಮತ್ತೆ ಜೋಡಿಸುವ ಧೈರ್ಯ ಬರಲಿಲ್ಲ. ಬಲಗಡೆಯ ಟೈರನ್ನೇ ಇನ್ನಷ್ಟು ಉಜ್ಜಿ, ಗಾಜಿನ ಮೇಲೆ ನಿಲ್ಲಿಸಿ, ಎರಡೂ ರೆಕ್ಕೆಯ ತುದಿಗಳಿಗೆ ಅಳತೆಪಟ್ಟಿ ಹಿಡಿದು ನೋಡಿದೆ. ಸಮವಾಗಿತ್ತು. ಬಲಗಡೆಯ ಟೈರಿಗೆ ಗಾಳಿ ಕಡಿಮೆಯಾದಂತೆ ಕಾಣುತ್ತದೆ. ಕೇಳಿದವರಿಗೆ ಯುದ್ಧಕಾಲ ಎನ್ನುತ್ತೇನೆ.