ವಿಶೇಷ ಮಗುವಿನ ಶಿಕ್ಷಣ: ದೂರು ಹೇಗೆ ಬರೆಯಬೇಕು, ಯಾರಿಗೆ ಕೊಡಬೇಕು

‘ಸಾಲ್ಯಾಗ ನಮ್ಮ ಹುಡುಗಗ ಏನೂ ಕಲಸವಲ್ಲರು.’ ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳ ಪಾಲಕರ ದೂರು ಹೆಚ್ಚಾಗಿ ಹೀಗೇ ಇರುತ್ತದೆ. ಮಾತು ನಿಜವೇ ಇರಬಹುದು, ಆದರೆ ಅಧಿಕಾರಿ ಹಿಡಿದು ಸರಿಪಡಿಸಬಹುದಾದದ್ದು ಅದರಲ್ಲಿ ಏನೂ ಇಲ್ಲ. ‘ಜುಲೈಯಿಂದ ವಿಶೇಷ ಶಿಕ್ಷಕರು ಬಂದಿಲ್ಲ’, ‘ಶ್ರವಣಯಂತ್ರದ ಬ್ಯಾಟರಿ ಮುಗಿದು ಆರು ವಾರವಾಯಿತು’ ಎಂದು ಒಂದೊಂದೇ ಕೊರತೆಯನ್ನು ದಿನಾಂಕ ಹಾಕಿ ಬರೆದರೆ ಉತ್ತರ ಕೊಡದೆ ವಿಧಿಯಿಲ್ಲ.

ಅದಕ್ಕೂ ಮೊದಲು ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯ (ಐಇಪಿ) ಪ್ರತಿ ಕೇಳಿ ಪಡೆಯಿರಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಅಂಗವಿಕಲ ಮಕ್ಕಳ ಶಿಕ್ಷಣಕ್ಕೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ವಿಚಾರಿಸಿ. ಮಗುವಿಗೆ ಈಗ ಏನು ಬರುತ್ತದೆ, ಮುಂದಿನ ಗುರಿ ಏನು, ಯಾರು ವಾರಕ್ಕೆ ಎಷ್ಟು ಸಲ ಕಲಿಸುತ್ತಾರೆ ಎಂಬುದು ಅದರಲ್ಲಿರಬೇಕು. ‘ಓದಿನಲ್ಲಿ ಸುಧಾರಣೆ’ ಎಂಬ ಗುರಿಯನ್ನು ಒಪ್ಪಬೇಡಿ. ‘ತನ್ನ ಹೆಸರನ್ನು ಗುರುತಿಸಿ ಓದುವುದು’ ಎಂದಿದ್ದರೆ, ಆಗಿದೆಯೋ ಇಲ್ಲವೋ ಅಕ್ಷರ ಬಾರದ ತಾಯಿಗೂ ಗೊತ್ತಾಗುತ್ತದೆ.

ಮಗುವಿನ ಸಾಮರ್ಥ್ಯದ ಮೌಲ್ಯಮಾಪನ ಯಾವ ಭಾಷೆಯಲ್ಲಿ ನಡೆಯಿತು ಎಂದೂ ಕೇಳಿ. ನಮ್ಮ ಭಾಗದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಆಡುವ ಮಗುವನ್ನು ಕನ್ನಡದಲ್ಲಷ್ಟೇ ಪರೀಕ್ಷಿಸಿದರೆ, ಭಾಷೆ ತಿಳಿಯದ್ದನ್ನೇ ಬುದ್ಧಿಯ ಕೊರತೆ ಎಂದು ಬರೆದುಬಿಡುವ ಅಪಾಯವಿದೆ. ಅನುಮಾನವಿದ್ದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ. ಪುಣೆ, ಮುಂಬೈಗೆ ದುಡಿಯಲು ಹೋಗುವವರು ಐಇಪಿ ಪ್ರತಿಯನ್ನೂ ಯುಡಿಐಡಿ ಕಾರ್ಡನ್ನೂ (ಅಂಗವಿಕಲರ ಗುರುತಿನ ಚೀಟಿ) ಜೊತೆಗೆ ಒಯ್ಯಿರಿ. ಆ ಕಾರ್ಡು ದೇಶದ ಎಲ್ಲೆಡೆ ನಡೆಯುತ್ತದೆ.

ಅರ್ಜಿ ಮೊದಲು ಮುಖ್ಯೋಪಾಧ್ಯಾಯರಿಗೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಹದಿನೈದು ದಿನ ಕಾದು ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ), ಆಮೇಲೆ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರಿಗೆ (ಡಿಡಿಪಿಐ) ಬರೆಯಿರಿ. ಪ್ರತಿ ಸಲವೂ ಹಿಂದಿನ ಅರ್ಜಿಯ ಪ್ರತಿ ಲಗತ್ತಿಸಿ. ನೇರವಾಗಿ ಶಾಸಕರ ಬಳಿಗೋ ಜಿಲ್ಲಾಧಿಕಾರಿ ಬಳಿಗೋ ಓಡಿದರೆ ಕಾಗದ ತಿರುಗಿ ಬಿಇಒ ಮೇಜಿಗೇ ಬರುತ್ತದೆ. ನಡುವಿನ ವಾರಗಳು ಮಗುವಿನ ಲೆಕ್ಕದಲ್ಲಿ ನಷ್ಟ. ವಿಶೇಷ ಶಿಕ್ಷಕರು ಯಾವಾಗ ಬಂದರೆಂಬ ಭೇಟಿಯ ದಾಖಲೆ ತೋರಿಸಲು ಒಪ್ಪದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ.

‘ಇವನನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಅಲ್ಲೇ ಕಲಿಸುತ್ತೇವೆ’ ಎಂದು ಶಾಲೆಯವರು ಹೇಳಿದರೆ ತಲೆಯಾಡಿಸಿ ಬರಬೇಡಿ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಾದ ತಿದ್ದುಪಡಿಯಂತೆ, ತೀವ್ರ ಅಥವಾ ಬಹುವಿಧ ಅಂಗವೈಕಲ್ಯದ ಮಗುವಿಗೆ ಗೃಹಾಧಾರಿತ ಶಿಕ್ಷಣ ಆರಿಸಿಕೊಳ್ಳುವ ಹಕ್ಕಿದೆ. ಹಕ್ಕು ಮಗುವಿನದು, ಮಗುವನ್ನು ಹೊರಗಿಡಲು ಶಾಲೆ ಬಳಸುವ ದಾರಿ ಅದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗು ನೆರೆಯ ಶಾಲೆಯಲ್ಲಿ ಉಚಿತವಾಗಿ ಓದಬಹುದು, ಬೇಕೆಂದರೆ ವಿಶೇಷ ಶಾಲೆಯಲ್ಲಿ.

ಇಲಾಖೆಯಲ್ಲಿ ದಾರಿ ಮುಗಿದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ಬರೆಯಿರಿ. ಅವರು ಶಿಫಾರಸು ಮಾಡಿದ ಮೇಲೆ ಏನು ಕ್ರಮವಾಯಿತೆಂದು ಇಲಾಖೆ 3 ತಿಂಗಳೊಳಗೆ ಅವರಿಗೆ ತಿಳಿಸಬೇಕು. ಅರ್ಜಿ ಬರೆಯಲು ವಕೀಲರ ನೆರವು ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಕ್ಕಳಿಗೂ ಅಂಗವಿಕಲರಿಗೂ ಅಲ್ಲಿ ಉಚಿತ ನೆರವಿದೆ, ಆದಾಯದ ಮಿತಿ ಅಡ್ಡ ಬರುವುದಿಲ್ಲ.