ಹೊಸ ಡಿಸ್‌ಪ್ಲೇ ಹಾಕಿದ ಮೇಲೆ ಬೆರಳಚ್ಚು ಯಾಕೆ ಕೈಕೊಡುತ್ತದೆ?

ಒಡೆದ ಡಿಸ್‌ಪ್ಲೇಯನ್ನು ಮನೆಯಲ್ಲೇ ಬದಲಿಸುವ ಉತ್ಸಾಹಿಗಳು ಬೆಂಗಳೂರಿನಲ್ಲಿ ಕಮ್ಮಿಯೇನಿಲ್ಲ. ಎಸ್‌.ಪಿ. ರೋಡಿಗೆ ಹೋದರೆ ಕಾಂಬೊ (ಗಾಜು, ಟಚ್ ಎಲ್ಲ ಸೇರಿದ ಡಿಸ್‌ಪ್ಲೇ) ಸಿಗುತ್ತದೆ, ಸಣ್ಣ ಸ್ಕ್ರೂಡ್ರೈವರ್ ಸಿಗುತ್ತದೆ, ಅಂಟೂ ಸಿಗುತ್ತದೆ. ಭಾನುವಾರ ಕೂತು ಕೆಲಸ ಮುಗಿಸುತ್ತಾರೆ. ಬಣ್ಣ ಚೆನ್ನಾಗಿ ಬರುತ್ತದೆ, ಟಚ್ ಸರಿ ಇರುತ್ತದೆ. ಬೆರಳಿಟ್ಟರೆ ಮಾತ್ರ ಫೋನ್ ತೆರೆಯುವುದಿಲ್ಲ. ಸೆನ್ಸರ್ ಸುಟ್ಟುಹೋಯಿತು ಎಂದು ಅಲ್ಲಿಗೇ ಕೈಬಿಡುವವರು ಬಹಳ. ಆದರೆ ಎಷ್ಟೋ ಸಲ ಸೆನ್ಸರ್‌ಗೆ ಏನೂ ಆಗಿರುವುದಿಲ್ಲ. ಡಿಸ್‌ಪ್ಲೇ ಮೇಲೆ ಬೆರಳಿಟ್ಟು ತೆರೆಯುವ ಫೋನುಗಳಲ್ಲಿ ಆ ಡಿಸ್‌ಪ್ಲೇ ಕೂಡ ಸೆನ್ಸರ್‌ನ ಒಂದು ಭಾಗ. ನಾವು ಬದಲಿಸಿದ್ದು ಬರೀ ಗಾಜನ್ನಲ್ಲ.

ಪಕ್ಕದ ಪವರ್ ಬಟನ್‌ನಲ್ಲಿ ಅಥವಾ ಹಿಂಬದಿಯಲ್ಲಿ ಬೆರಳಿಡುವ ಫೋನುಗಳ ಕತೆ ಬೇರೆ. ಅವು ವಿದ್ಯುದಾವೇಶದಿಂದ (ಚಾರ್ಜ್) ಬೆರಳನ್ನು ಅಳೆಯುತ್ತವೆ. ಬೆರಳಿನ ಗೆರೆಯ ದಿಣ್ಣೆ ಸೆನ್ಸರ್‌ಗೆ ಹತ್ತಿರ ಇರುತ್ತದೆ, ತಗ್ಗಿನಲ್ಲಿ ಗಾಳಿ ಇರುತ್ತದೆ. ಈ ವ್ಯತ್ಯಾಸವೇ ಚಿತ್ರವಾಗುತ್ತದೆ. ಅಲ್ಲಿ ಡಿಸ್‌ಪ್ಲೇಗೆ ಯಾವ ಪಾತ್ರವೂ ಇಲ್ಲ. ರಿಪೇರಿ ಆದಮೇಲೆ ಅದು ಕೆಟ್ಟರೆ ಮೊದಲು ನೋಡಬೇಕಾದ್ದು ಸೆನ್ಸರನ್ನು ಬೋರ್ಡಿಗೆ ಜೋಡಿಸುವ ತೆಳ್ಳನೆಯ ಫ್ಲೆಕ್ಸ್ ಪಟ್ಟಿಯನ್ನು. ಕನೆಕ್ಟರ್ ಪೂರ್ತಿ ಕೂತಿರುವುದಿಲ್ಲ, ಇಲ್ಲವೇ ಫೋನ್ ಬಿಚ್ಚುವಾಗ ಪಟ್ಟಿ ಹರಿದಿರುತ್ತದೆ.

ಡಿಸ್‌ಪ್ಲೇ ಅಡಿಯ ಆಪ್ಟಿಕಲ್ ಸೆನ್ಸರ್ ನಿಜಕ್ಕೂ ಒಂದು ಪುಟ್ಟ ಕ್ಯಾಮೆರಾ. 2018ರ ಆರಂಭದಲ್ಲಿ ವಿವೊ ಕಂಪನಿ ಇಂಥ ಸೆನ್ಸರ್ ಇರುವ ಫೋನನ್ನು ಮೊದಲು ಮಾರುಕಟ್ಟೆಗೆ ತಂದಿತು. ಬೆರಳಿಟ್ಟ ಕೂಡಲೇ ಆ ಜಾಗದ ಪಿಕ್ಸೆಲ್‌ಗಳು ಪ್ರಖರವಾಗಿ ಉರಿಯುತ್ತವೆ. ಬೆರಳಿಗೆ ತಾಗಿದ ಬೆಳಕಿನಲ್ಲಿ ಸ್ವಲ್ಪ ಭಾಗ ಡಿಸ್‌ಪ್ಲೇ ಮೂಲಕವೇ ಕೆಳಗೆ ಇಳಿಯುತ್ತದೆ. ದಿಣ್ಣೆಯಿಂದ ಬರುವ ಬೆಳಕಿಗೂ ತಗ್ಗಿನಿಂದ ಬರುವ ಬೆಳಕಿಗೂ ಇರುವ ವ್ಯತ್ಯಾಸವನ್ನು ಕೆಳಗಿನ ಕ್ಯಾಮೆರಾ ಹಿಡಿಯುತ್ತದೆ. ಇದು ಒಎಲ್‌ಇಡಿ ಡಿಸ್‌ಪ್ಲೇಯಲ್ಲಿ ಸಾಧ್ಯ, ಯಾಕೆಂದರೆ ಅದರ ಪಿಕ್ಸೆಲ್‌ಗಳು ತಾವೇ ಬೆಳಗುತ್ತವೆ, ಅವುಗಳ ನಡುವೆ ಬೆಳಕು ನುಸುಳಲು ಸಂದುಗಳಿರುತ್ತವೆ. ಎಲ್‌ಸಿಡಿಯ ಹಿಂದೆ ಬ್ಯಾಕ್‌ಲೈಟ್ ಪದರಗಳು ಇರುತ್ತವೆ. ಅವುಗಳನ್ನು ದಾಟಿ ಬೆರಳಿನ ಚಿತ್ರ ಕೆಳಗೆ ಬರುವುದಿಲ್ಲ.

ಈಗ ಅಳತೆಗಳನ್ನು ನೋಡಿ. ಬೆರಳಿನ ಒಂದು ದಿಣ್ಣೆಯಿಂದ ಮುಂದಿನ ದಿಣ್ಣೆಗೆ ಸುಮಾರು ಅರ್ಧ ಮಿಲಿಮೀಟರ್. ಇಂಚಿಗೆ 400 ಪಿಕ್ಸೆಲ್ ಇರುವ ಡಿಸ್‌ಪ್ಲೇಯಲ್ಲಿ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಸುಮಾರು 0.06 ಮಿಲಿಮೀಟರ್. ಅಂದರೆ ಕ್ಯಾಮೆರಾ ಬೆರಳನ್ನು ನೋಡುತ್ತಿರುವುದು ಸೊಳ್ಳೆ ಜಾಲರಿ ಹಾಕಿದ ಕಿಟಕಿಯಿಂದ ಬೀದಿ ನೋಡಿದ ಹಾಗೆ. ಜಾಲರಿ ಯಾವಾಗಲೂ ಅದೇ ಇದ್ದರೆ ಕಣ್ಣು ಅದನ್ನು ಗಮನಿಸುವುದೇ ಇಲ್ಲ. ಸೆನ್ಸರ್ ಕೂಡ ಹಾಗೇ ಮಾಡುತ್ತದೆ. ಕಾರ್ಖಾನೆಯಲ್ಲಿ ಫೋನ್ ಜೋಡಿಸಿದಾಗಲೇ, ಬೆರಳಿಲ್ಲದಿದ್ದಾಗ ಡಿಸ್‌ಪ್ಲೇ ಹೇಗೆ ಕಾಣುತ್ತದೆ, ಬೆಳಕು ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಎಂಬುದನ್ನು ಅಳೆದು ಫೋನಿನೊಳಗೆ ಉಳಿಸಿರುತ್ತಾರೆ. ಇದೇ ಕ್ಯಾಲಿಬ್ರೇಶನ್. ಪ್ರತಿ ಸಲ ಬೆರಳಿಟ್ಟಾಗಲೂ ಆ ಹಿನ್ನೆಲೆಯನ್ನು ಚಿತ್ರದಿಂದ ಕಳೆದು, ಉಳಿದ ಗೆರೆಗಳನ್ನು ಓದುತ್ತದೆ. ಹೊಸ ಡಿಸ್‌ಪ್ಲೇ ಹಾಕಿದಾಗ ಕಳೆಯುತ್ತಿರುವುದು ಹಳೆಯದರ ಹಿನ್ನೆಲೆಯನ್ನು. ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಸಾಕು, ಚಿತ್ರದಲ್ಲಿ ಬೆರಳಿನ ಗೆರೆಗಳ ಜೊತೆ ಇಲ್ಲದ ಗೆರೆಗಳೂ ಸೇರಿಕೊಳ್ಳುತ್ತವೆ. ಒರಿಜಿನಲ್ ಡಿಸ್‌ಪ್ಲೇ ಹಾಕಿದರೂ ತೊಂದರೆ ಬರುವುದು ಇದೇ ಕಾರಣಕ್ಕೆ.

ಹಾಗಾದರೆ ಮನೆಯಲ್ಲಿ ಪತ್ತೆ ಹಚ್ಚುವುದು ಹೇಗೆ? ಫೋನನ್ನು ಮತ್ತೆ ಬಿಚ್ಚುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಫಿಂಗರ್‌ಪ್ರಿಂಟ್ ಆಯ್ಕೆಯೇ ಕಾಣದಿದ್ದರೆ, ಸೆನ್ಸರ್ ಇದೆ ಎನ್ನುವುದೇ ಫೋನಿಗೆ ಗೊತ್ತಾಗಿಲ್ಲ. ಅದು ವೈರಿಂಗ್ ದೋಷ. ಬ್ಯಾಟರಿ ಕನೆಕ್ಟರ್ ತೆಗೆದು, ಸೆನ್ಸರ್ ಪಟ್ಟಿಯನ್ನು ಮತ್ತೆ ಕೂರಿಸಿ ನೋಡಬೇಕು. ಫ್ರೇಮ್ ಸಮೇತ ಬರುವ ಕಾಂಬೊ ಹಾಕಿದ್ದರೆ ಇನ್ನೊಂದು ಅನುಮಾನ ಪಡಬಹುದು. ಸೆನ್ಸರ್ ಸಾಮಾನ್ಯವಾಗಿ ಹಳೆಯ ಫ್ರೇಮಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿ ಹೊಸದಕ್ಕೆ ಕೂರಿಸುವುದನ್ನೇ ಮರೆತಿರಬಹುದು.

ಆಯ್ಕೆ ಕಾಣುತ್ತದೆ, ಆದರೆ ಬೆರಳಿಟ್ಟಾಗ ಬೆಳಕೇ ಬರುವುದಿಲ್ಲವೇ? ಬೆರಳು ಬಂತು ಎಂದು ಸೆನ್ಸರ್‌ಗೆ ಹೇಳಬೇಕಾದ್ದು ಟಚ್ ಪದರ. ಕಾಪಿ ಡಿಸ್‌ಪ್ಲೇಗಳಲ್ಲಿ ಟಚ್ ಚಿಪ್ ಬೇರೆ ಇದ್ದರೆ ಆ ಸುದ್ದಿ ಮುಟ್ಟದೇ ಇರಬಹುದು.

ಬೆಳಕು ಬರುತ್ತದೆ, ಆದರೆ ಬೆರಳು ನೋಂದಣಿ ಆಗುವುದೇ ಇಲ್ಲ ಎಂದರೆ ದಾರಿಯಲ್ಲಿ ಏನೋ ಅಡ್ಡ ಇದೆ. ಹೆಚ್ಚು ತಾಳ್ಮೆ ಬೇಡುವುದು ಈ ದೋಷವೇ. ಒಎಲ್‌ಇಡಿ ಡಿಸ್‌ಪ್ಲೇಯ ಬೆನ್ನಿಗೆ ಕಪ್ಪು ಪದರ ಇರುತ್ತದೆ, ಸೆನ್ಸರ್ ಇರುವ ಜಾಗದಲ್ಲಿ ಮಾತ್ರ ಅದನ್ನು ಕತ್ತರಿಸಿ ಕಿಂಡಿ ಬಿಟ್ಟಿರುತ್ತಾರೆ. ನೀವು ತಂದದ್ದರಲ್ಲಿ ಆ ಕಿಂಡಿ ಇದೆಯೇ? ಅದರ ಮೇಲಿನ ರಕ್ಷಣಾ ಹಾಳೆ ಸುಲಿದಿದ್ದೀರಾ? ಹಳೆಯ ಅಂಟು, ಧೂಳು, ಕೆಲಸ ಮಾಡುವಾಗ ಒತ್ತಿದ ನಿಮ್ಮದೇ ಹೆಬ್ಬೆರಳಿನ ಜಿಡ್ಡು ಸೆನ್ಸರ್ ಮೇಲೆ ಕೂತಿದೆಯೇ? ಸೆನ್ಸರ್‌ಗೂ ಡಿಸ್‌ಪ್ಲೇಗೂ ನಡುವಿನ ಅಂತರವೂ ಮುಖ್ಯ. ಅಂಟು ದಪ್ಪವಾಗಿ ಡಿಸ್‌ಪ್ಲೇ ಸ್ವಲ್ಪ ಮೇಲೆ ನಿಂತರೂ ಚಿತ್ರ ಮಸುಕಾಗುತ್ತದೆ. ಇನ್ನು, ಒಎಲ್‌ಇಡಿ ಇದ್ದ ಫೋನಿಗೆ ಅಗ್ಗದ ಎಲ್‌ಸಿಡಿ ಕಾಂಬೊ ಹಾಕಿದ್ದರೆ ಇದೆಲ್ಲ ಸುಮ್ನೆ ಶ್ರಮ. ಆ ಡಿಸ್‌ಪ್ಲೇ ಇರುವವರೆಗೆ ಬೆರಳಚ್ಚು ಬರುವುದಿಲ್ಲ. ದುಡ್ಡು ಕೊಡುವ ಮೊದಲೇ ಇದನ್ನು ಅಂಗಡಿಯವರ ಹತ್ತಿರ ಬಾಯಿಬಿಟ್ಟು ಕೇಳಬೇಕು. ಅಂಟು ಹಾಕುವ ಮೊದಲು ಬರೀ ಕನೆಕ್ಟರ್ ಕೂರಿಸಿ, ಡಿಸ್‌ಪ್ಲೇಯನ್ನು ಜಾಗದಲ್ಲಿಟ್ಟು, ಬೆರಳು ನೋಂದಣಿ ಆಗುತ್ತದೆಯೇ ಎಂದು ನೋಡಿಕೊಳ್ಳುವುದು ಇನ್ನೂ ಒಳ್ಳೆಯದು.

ನೋಂದಣಿ ಆಗಿದೆ, ಆದರೆ ಒಮ್ಮೆ ತೆರೆಯುತ್ತದೆ, ನಾಲ್ಕು ಸಲ ಇಲ್ಲ ಎಂದರೆ ಮೊದಲು ಹಳೆಯ ಬೆರಳುಗಳನ್ನೆಲ್ಲ ಅಳಿಸಿ ಹೊಸದಾಗಿ ನೋಂದಾಯಿಸಿ. ಅವು ಹಳೆಯ ಡಿಸ್‌ಪ್ಲೇ ಮೂಲಕ ಕಂಡ ಬೆರಳುಗಳು. ಟೆಂಪರ್ಡ್ ಗ್ಲಾಸ್ ತೆಗೆದು ಒಮ್ಮೆ ನೋಡಿ. ಈ ಕೆಲಸವನ್ನು ಮರುದಿನ ಮಾಡಿದರೆ ವಾಸಿ. ಅಂಟು ಒರೆಸಲು ಬಳಸುವ ಆಲ್ಕೋಹಾಲ್ ಬೆರಳಿನ ಚರ್ಮವನ್ನು ಒಣಗಿಸುತ್ತದೆ, ಒಣ ದಿಣ್ಣೆ ಗಾಜಿಗೆ ಸರಿಯಾಗಿ ಅಂಟುವುದಿಲ್ಲ. ದಿನವಿಡೀ ಗಾರೆ ಕೆಲಸ ಮಾಡುವವರು, ಪಾತ್ರೆ ತೊಳೆಯುವವರು ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಹಿಡಿಯದೆ ಪರದಾಡುವುದನ್ನು ನೋಡಿದ್ದೇವೆ ಅಲ್ವಾ? ಬೆರಳಿನ ಗೆರೆ ಸವೆದರೆ, ಒಣಗಿದರೆ ಯಾವ ಯಂತ್ರಕ್ಕೂ ಕಷ್ಟವೇ.

ಇಷ್ಟಾದರೂ ಸರಿಹೋಗದಿದ್ದರೆ ಉಳಿಯುವುದು ಕ್ಯಾಲಿಬ್ರೇಶನ್. ಗೂಗಲ್ ಕಂಪನಿ ಪಿಕ್ಸೆಲ್ 6 ಮತ್ತು ಅದರ ನಂತರದ ಹಲವು ಫೋನುಗಳಿಗೆ ಕ್ಯಾಲಿಬ್ರೇಶನ್ ಮಾಡುವ ಸಾಫ್ಟ್‌ವೇರ್ ಸಾಧನವನ್ನು ಎಲ್ಲರಿಗೂ ತೆರೆದಿಟ್ಟಿದೆ. ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ, ಬ್ರೌಸರ್ ಮೂಲಕವೇ ಸೆನ್ಸರ್‌ಗೆ ಹೊಸ ಡಿಸ್‌ಪ್ಲೇಯನ್ನು ಪರಿಚಯಿಸಬಹುದು. ಎಲ್ಲ ಕಂಪನಿಗಳೂ ಹೀಗೇ ಮಾಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಭದ್ರತೆಯ ಮಾತು ಸುಳ್ಳಲ್ಲ. ಯಾರೋ ನಕಲಿ ಸೆನ್ಸರ್ ಕೂರಿಸಿ ಫೋನ್ ತೆರೆಯಬಾರದು ಎಂದೇ ಕೆಲವು ಫೋನುಗಳಲ್ಲಿ ಸೆನ್ಸರ್ ಮತ್ತು ಒಳಗಿನ ಚಿಪ್ಪನ್ನು ಜೋಡಿಯಾಗಿ ಕಟ್ಟಿರುತ್ತಾರೆ. ಆದರೆ 2016ರಲ್ಲಿ ಏನಾಯಿತು ನೋಡಿ. ಹೊರಗೆ ರಿಪೇರಿ ಮಾಡಿಸಿದ ಕೆಲವು ಐಫೋನುಗಳು, ಈ ಜೋಡಿ ತಾಳೆಯಾಗದೆ, ಸಾಫ್ಟ್‌ವೇರ್ ಅಪ್‌ಡೇಟ್ ಆದಮೇಲೆ ‘ಎರರ್ 53’ ತೋರಿಸಿ ಪೂರ್ತಿ ನಿಂತೇಹೋದವು. ಆಪಲ್ ಕಂಪನಿ ಆಮೇಲೆ ಪರಿಹಾರ ಬಿಡುಗಡೆ ಮಾಡಿತು. ಈ ಪ್ರಕರಣದಲ್ಲಿ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟದ್ದಕ್ಕಾಗಿ 2018ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿಗಾಗಿ ಪೋರ್ಟಲ್ ಆರಂಭಿಸಿದೆ. ಬಿಡಿಭಾಗದ ಜೊತೆ ಕ್ಯಾಲಿಬ್ರೇಶನ್ ಸಾಧನವೂ ಸಿಗದಿದ್ದರೆ ಆ ಹಕ್ಕು ಅರ್ಧಕ್ಕೇ ನಿಲ್ಲುತ್ತದೆ.

ಕೆಲವು ದುಬಾರಿ ಫೋನುಗಳಲ್ಲಿ ಬೆಳಕಿನ ಬದಲು ಕಿವಿಗೆ ಕೇಳದ ಶಬ್ದ ಬಳಸುವ ಅಲ್ಟ್ರಾಸಾನಿಕ್ ಸೆನ್ಸರ್ ಇರುತ್ತದೆ. ಇದನ್ನು ಡಿಸ್‌ಪ್ಲೇಯ ಬೆನ್ನಿಗೇ ಅಂಟಿಸಿರುತ್ತಾರೆ. ಇದಕ್ಕೆ ದೊಡ್ಡ ಶತ್ರು ಗಾಳಿ. ಗಾಜಿನಲ್ಲಿ ಸಾಗುವ ಶಬ್ದ ತೆಳ್ಳನೆಯ ಗಾಳಿ ಪದರ ಸಿಕ್ಕರೂ ಹೆಚ್ಚುಕಮ್ಮಿ ಪೂರ್ತಿ ವಾಪಸಾಗುತ್ತದೆ. ಟೆಂಪರ್ಡ್ ಗ್ಲಾಸ್ ಅಡಿ ಗುಳ್ಳೆ ಉಳಿದರೆ ಬೆರಳು ಹಿಡಿಯದಿರುವುದು ಅದಕ್ಕೇ. 2019ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್10ರಲ್ಲಿ ಇದಕ್ಕೆ ಉಲ್ಟಾ ಆಯಿತು. ಡಿಸ್‌ಪ್ಲೇಯನ್ನೂ ಮುಚ್ಚುವ ಕೆಲವು ಸಿಲಿಕೋನ್ ಕವರ್‌ಗಳ ಮೇಲಿನ ವಿನ್ಯಾಸವನ್ನೇ ಸೆನ್ಸರ್ ಬೆರಳಿನ ಗೆರೆ ಎಂದು ಓದಿತು. ಯಾರ ಬೆರಳಿಟ್ಟರೂ ಫೋನ್ ತೆರೆಯಿತು. ಅಪ್‌ಡೇಟ್ ಕೊಟ್ಟು ಸರಿಪಡಿಸಬೇಕಾಯಿತು.

ಹಾಗಾಗಿ ಯಾವ ಬಗೆಯ ಸೆನ್ಸರ್ ಆದರೂ, ರಿಪೇರಿ ಮುಗಿದ ಮೇಲೆ ನಿಮ್ಮ ಬೆರಳಿಗೆ ಫೋನ್ ತೆರೆಯಿತು ಎಂದು ಅಲ್ಲಿಗೇ ಬಿಡಬೇಡಿ. ಮನೆಯಲ್ಲಿರುವ ಇನ್ನಿಬ್ಬರ ಬೆರಳನ್ನೂ ಇಡಿಸಿ ನೋಡಿ. ಅವರ ಬೆರಳಿಗೂ ತೆರೆದರೆ, ನೋಂದಾಯಿಸಿದ್ದನ್ನೆಲ್ಲ ಅಳಿಸಿ, ಸೆನ್ಸರ್ ಸರಿಹೋಗುವವರೆಗೆ ಬ್ಯಾಂಕ್ ಆ್ಯಪ್‌ಗಳನ್ನೂ ಸೇರಿಸಿ ಎಲ್ಲದಕ್ಕೂ ಪಿನ್ ಬಳಸಿ.